ವಾರಸುದಾರರಿಲ್ಲದ ಬಿಳಿ ಉಪ್ಪು

2001ರ ಸೆಪ್ಟೆಂಬರ್ 21ರ ಬೆಳಿಗ್ಗೆ ಹತ್ತೂಕಾಲು ದಾಟಿತ್ತಷ್ಟೇ, ಫ್ರಾನ್ಸಿನ ತುಲೂಸ್ ನಗರದಲ್ಲಿ ನೆಲ ಅದುರಿ ಕಿಟಕಿ ಗಾಜುಗಳೆಲ್ಲ ಪುಡಿಪುಡಿಯಾದವು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಆಗಿನ್ನೂ ಹತ್ತು ದಿನ. ಇದೂ ಉಗ್ರರದೇ ಕೆಲಸ ಎಂಬ ಮಾತು ಊರಿಡೀ ಹಬ್ಬಿತು. 31 ಮಂದಿ ಸತ್ತಿದ್ದರು, ಸಾವಿರಾರು ಜನ ಗಾಯಗೊಂಡಿದ್ದರು. ಪ್ರಕರಣ ಕೋರ್ಟಿನಿಂದ ಕೋರ್ಟಿಗೆ ಅಲೆದು 2017ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯಕ್ಕೆ ಬಂದಾಗ, ಅದು ತಪ್ಪಿತಸ್ಥರೆಂದು ಹೆಸರಿಸಿದ್ದು ಎಝಡ್‌ಎಫ್ ಎಂಬ ಗೊಬ್ಬರ ಕಾರ್ಖಾನೆಯ ಅಂದಿನ ವ್ಯವಸ್ಥಾಪಕನನ್ನು ಮತ್ತು ಅದನ್ನು ನಡೆಸುತ್ತಿದ್ದ ಕಂಪನಿಯನ್ನು. ಗುಣಮಟ್ಟ ತಪ್ಪಿದ ಅಮೋನಿಯಂ ನೈಟ್ರೇಟನ್ನು ರಾಶಿ ಹಾಕಿದ್ದ ಗೋದಾಮಿಗೆ, ಅದಕ್ಕೆ ಆಗಿಬರದ ಬೇರೊಂದು ರಾಸಾಯನಿಕ ಬೆರೆತ ಕಸವನ್ನು ತಂದು ಸುರಿದದ್ದೇ ಸ್ಫೋಟಕ್ಕೆ ಕಾರಣ ಎಂದು ತೀರ್ಮಾನವಾಯಿತು.

ಅದಕ್ಕೆ ಸರಿಯಾಗಿ 80 ವರ್ಷ ಹಿಂದೆ, 1921ರ ಅದೇ ಸೆಪ್ಟೆಂಬರ್ 21ರಂದು, ಜರ್ಮನಿಯ ಓಪ್ಪಾವಿನಲ್ಲಿ ಇದೇ ಜಾತಿಯ ಗೊಬ್ಬರದ ಕಣಜ ಸಿಡಿದು ಐನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅಲ್ಲಿ ಗಟ್ಟಿಕಟ್ಟಿದ ಗೊಬ್ಬರವನ್ನು ಸಡಿಲಿಸಲು ಸಣ್ಣಸಣ್ಣ ಸಿಡಿಮದ್ದು ಬಳಸುತ್ತಿದ್ದರು. ಈಗ ಕೇಳಿದರೆ ಹುಚ್ಚು ಅನ್ನಿಸುತ್ತದೆ. ಆದರೆ ಸಾವಿರಾರು ಸಲ ಹಾಗೆ ಮಾಡಿಯೂ ಏನೂ ಆಗಿರಲಿಲ್ಲ, ಹಾಗಾಗಿ ಏನೂ ಆಗುವುದಿಲ್ಲವೆಂದು ನಂಬಿದ್ದರು.

ಅಮೋನಿಯಂ ನೈಟ್ರೇಟ್ ನೋಡಲು ಸಬ್ಬಕ್ಕಿಯಂಥ ಬಿಳಿ ಕಾಳು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದೊಂದು ಉಪ್ಪು. ಅದರ ತೂಕದ ಮೂರನೇ ಒಂದಕ್ಕಿಂತ ತುಸು ಹೆಚ್ಚು ಪಾಲು ನೈಟ್ರೋಜನ್, ಬೆಳೆಗೆ ಬೇಕಾದದ್ದು ಅದೇ. ತಾನಾಗಿ ಅದು ಹೊತ್ತಿಕೊಳ್ಳುವ ವಸ್ತುವಲ್ಲ, ಪಕ್ಕದಲ್ಲಿ ಉರಿಯುವುದಕ್ಕೆ ಆಮ್ಲಜನಕ ಒದಗಿಸುವ ವಸ್ತು. ಒಣಗಿದ, ಗಾಳಿಯಾಡುವ, ಚೊಕ್ಕಟ ಗೋದಾಮಿನಲ್ಲಿಟ್ಟರೆ ವರ್ಷಗಟ್ಟಲೆ ತೆಪ್ಪಗಿರುತ್ತದೆ. ಮುಚ್ಚಿದ ಜಾಗ, ದೊಡ್ಡ ರಾಶಿ, ಆಗದ ವಸ್ತುಗಳ ಸಹವಾಸ, ಮೇಲೊಂದು ಬೆಂಕಿ ಸೇರಿದಾಗ ಅದರ ವರಸೆ ಬೇರೆಯಾಗುತ್ತದೆ.

ಇದರಿಂದ ಸಿಗುವ ಉಪಕಾರದ ಪಟ್ಟಿ ಚಿಕ್ಕದಲ್ಲ. ಫ್ರಿಟ್ಸ್ ಹಾಬರ್ 1909ರಲ್ಲಿ ಗಾಳಿಯ ನೈಟ್ರೋಜನ್ನಿನಿಂದ ಅಮೋನಿಯಾ ತಯಾರಿಸಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಪ್ರಮಾಣಕ್ಕೆ ಏರಿಸಿ 1913ರಲ್ಲಿ ಅದೇ ಓಪ್ಪಾವಿನಲ್ಲಿ ಉತ್ಪಾದನೆ ಶುರುಮಾಡಿದ. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧ ಜನರ ತಟ್ಟೆಗೆ ಅನ್ನ ಬರುತ್ತಿರುವುದು ಈ ದಾರಿಯಲ್ಲಿ ತಯಾರಾದ ಗೊಬ್ಬರದ ಬಲದಿಂದ ಎಂದು ಅಂದಾಜು. ಹಲ್ಲು ಕೀಳುವ ಮುಂಚೆ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕೊಡುವ ನಗೆ ಅನಿಲವನ್ನು ತಯಾರಿಸುವುದೂ ಅಮೋನಿಯಂ ನೈಟ್ರೇಟಿನಿಂದಲೇ. ಆಟದ ಮೈದಾನದಲ್ಲಿ ಕಾಲು ಉಳುಕಿದವನ ಮೇಲೆ ಹಿಸುಕಿ ಇಡುವ ತಣ್ಣನೆಯ ಚೀಲಗಳಲ್ಲೂ ಇದು ಇರುತ್ತದೆ.

ಭಾರತದ ರೈತ ಯೂರಿಯಾದ ಗಿರಾಕಿ, ಇದರ ನಂಟು ಅವನಿಗೆ ಕಡಿಮೆ. ಇಲ್ಲಿ ಇದರ ಬಹುಪಾಲು ಹೋಗುವುದು ಬಂಡೆ ಒಡೆಯಲು. ಎಲ್ಲಕ್ಕಿಂತ ದೊಡ್ಡ ಗ್ರಾಹಕ ಕಲ್ಲಿದ್ದಲು ಗಣಿ. 2024–25ರಲ್ಲಿ ದೇಶ ನೂರು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ತೆಗೆಯಿತು. ಅದರಲ್ಲಿ ಬಹುಪಾಲು ತೆರೆದ ಗಣಿಗಳದ್ದು, ಅಂದರೆ ಮೇಲಿನ ಬಂಡೆಯ ಪದರವನ್ನು ಸಿಡಿಸಿಯೇ ತೆಗೆಯಬೇಕಾದದ್ದು. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಸಿಂಗರೇಣಿಯಿಂದ ಬರುವ ಕಲ್ಲಿದ್ದಲೂ ಈ ಲೆಕ್ಕಕ್ಕೇ ಸೇರುತ್ತದೆ. ಮನೆ ಕಟ್ಟುವವರು ತರಿಸುವ ಜಲ್ಲಿ, ನದಿ ಮರಳಿಗೆ ಬದಲಾಗಿ ಬಂದ ಎಂ-ಸ್ಯಾಂಡ್, ಹೆದ್ದಾರಿಯ ಕೆಳಗಿನ ಕಲ್ಲು, ಎಲ್ಲದರ ಹಿಂದೆಯೂ ಕ್ವಾರಿಯ ಬ್ಲಾಸ್ಟಿಂಗ್ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಗೆ ಈ ಉಪ್ಪಿನ ಹೆಸರು ಗೊತ್ತಿಲ್ಲದಿರಬಹುದು, ಅವನ ಗೋಡೆಗಳು ಮಾತ್ರ ಅದರ ಋಣದಲ್ಲೇ ನಿಂತಿವೆ.

ಇಂಥ ವಸ್ತುವನ್ನು ನಿಷೇಧಿಸಿ ಎಂದರೆ ಏನಾಗುತ್ತದೆಂಬುದಕ್ಕೆ ಅಫ್ಘಾನಿಸ್ತಾನ ಉದಾಹರಣೆ. ರಸ್ತೆ ಬದಿಯ ಬಾಂಬುಗಳಿಗೆ ಗೊಬ್ಬರ ಬಳಕೆಯಾಗುತ್ತಿದೆಯೆಂದು 2010ರಲ್ಲಿ ಹಮೀದ್ ಕರ್ಜಾಯಿ ಸರ್ಕಾರ ಅಮೋನಿಯಂ ನೈಟ್ರೇಟ್ ಗೊಬ್ಬರವನ್ನು ನಿಷೇಧಿಸಿತು. ಗಡಿಯಾಚೆ ಪಾಕಿಸ್ತಾನದಲ್ಲಿ ಅದೇ ಜಾತಿಯ ಗೊಬ್ಬರ ಕಾನೂನುಬದ್ಧವಾಗಿ ತಯಾರಾಗುತ್ತಿತ್ತು, ಕಳ್ಳದಾರಿಯಲ್ಲಿ ಒಳಗೆ ಬರುತ್ತಲೇ ಇತ್ತು. ಆ ದಾರಿಯನ್ನೂ ಬಿಗಿ ಮಾಡುತ್ತ ಬಂದಂತೆ ಬಾಂಬು ಕಟ್ಟುವವರು ಬೆಂಕಿಕಡ್ಡಿ ಉದ್ಯಮದಲ್ಲಿ ಬಳಸುವ ಬೇರೊಂದು ರಾಸಾಯನಿಕಕ್ಕೆ ಹೊರಳಿದರು. ಬಾಂಬು ನಿಲ್ಲಲಿಲ್ಲ. ರೈತನ ಕೈಯಿಂದ ಒಂದು ಗೊಬ್ಬರ ಹೋಯಿತು, ಅಷ್ಟೇ.

ಹಾಗೆಂದು ಭದ್ರತೆಯ ಭಯ ಬರೀ ಕಲ್ಪನೆಯೂ ಅಲ್ಲ. 1995ರ ಏಪ್ರಿಲ್ 19ರಂದು ಅಮೆರಿಕದ ಒಕ್ಲಹೋಮ ನಗರದಲ್ಲಿ ಸರ್ಕಾರಿ ಕಟ್ಟಡವೊಂದರ ಮುಂದೆ ನಿಲ್ಲಿಸಿದ ಲಾರಿ ಸಿಡಿದು 168 ಜನ ಸತ್ತರು, ಅವರಲ್ಲಿ 19 ಮಕ್ಕಳು. ತಿಮೋತಿ ಮೆಕ್‌ವೇ ಮತ್ತವನ ಜೊತೆಗಾರ ಆ ಗೊಬ್ಬರವನ್ನು ಕದ್ದಿರಲಿಲ್ಲ, ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡಿದ್ದರು. ಭಾರತದಲ್ಲೂ 2011ರ ಜುಲೈ 13ರ ಮುಂಬೈ ಸ್ಫೋಟಗಳಲ್ಲಿ ಇದರ ಬಳಕೆ ಪತ್ತೆಯಾಯಿತು. ಅದೇ ತಿಂಗಳು ಕೇಂದ್ರ ಸರ್ಕಾರ, ತೂಕದಲ್ಲಿ ಶೇ 45ಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಇರುವ ಮಿಶ್ರಣಗಳನ್ನು 1884ರ ಸ್ಫೋಟಕ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅದನ್ನು ಬೇರ್ಪಡಿಸಿ ತೆಗೆಯಲಾಗದ ಗೊಬ್ಬರಗಳಿಗೆ ವಿನಾಯಿತಿ ಸಿಕ್ಕಿತು. 2012ರಲ್ಲಿ ಅಮೋನಿಯಂ ನೈಟ್ರೇಟಿಗೆಂದೇ ನಿಯಮಾವಳಿ ಬಂತು. ತಯಾರಿಕೆ, ಸಾಗಣೆ, ಆಮದು, ದಾಸ್ತಾನು ಎಲ್ಲಕ್ಕೂ ಲೈಸೆನ್ಸು. ಮೇಲುಸ್ತುವಾರಿ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯದು.

ಯುರೋಪಿನ ಒಕ್ಕೂಟ ಬೇರೆ ದಾರಿ ಹಿಡಿಯಿತು. 2021ರ ಫೆಬ್ರುವರಿಯಿಂದ ಅಲ್ಲಿ ಹೆಚ್ಚು ನೈಟ್ರೋಜನ್ ಅಂಶದ ಅಮೋನಿಯಂ ನೈಟ್ರೇಟನ್ನು ಸಾಮಾನ್ಯ ಜನ ಸುಮ್ಮನೆ ಹೋಗಿ ಕೊಳ್ಳುವಂತಿಲ್ಲ. ರೈತರಿಗೆ ಮತ್ತು ಕಸುಬಿನವರಿಗೆ ಮಾರಬಹುದು. ಆದರೆ ಗಿರಾಕಿಯ ನಡೆ ಅನುಮಾನ ಹುಟ್ಟಿಸಿದರೆ 24 ಗಂಟೆಯೊಳಗೆ ತಿಳಿಸುವುದು ಮಾರುವವನ ಹೊಣೆ. ತನ್ನೂರಿನ ರೈತ ಯಾರು, ಅಲ್ಲದವನು ಯಾರು ಎಂಬುದು ರಾಜಧಾನಿಯ ಅಧಿಕಾರಿಗಿಂತ ಅಂಗಡಿಯವನಿಗೇ ಚೆನ್ನಾಗಿ ಗೊತ್ತಿರುತ್ತದೆ, ಆದ್ದರಿಂದ ಇದು ಜಾಣ ನಿಯಮವೇ. ಆದರೆ ಗಲ್ಲಿಯ ಅಂಗಡಿಗಳವರೆಗೂ ಹರಡಿದ ಸರಕಿಗೆ ಇಂಥ ನಿಯಮ ಹೂಡುವುದು ಕಷ್ಟ. ನಮ್ಮಲ್ಲಿ ಆಸಿಡ್ ಮಾರುವವರು ಕೊಳ್ಳುವವನ ಹೆಸರು, ವಿಳಾಸ, ಉದ್ದೇಶ ಬರೆದಿಟ್ಟುಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತು. ಅಂಥ ಪುಸ್ತಕ ಇಟ್ಟಿರುವ ಕಿರಾಣಿ ಅಂಗಡಿಯನ್ನು ಹುಡುಕಲು ಹೊರಟವರಿಗೆ ಚಪ್ಪಲಿ ಸವೆಯುವುದು ಖಾತ್ರಿ. ಈ ವಿಷಯದಲ್ಲಿ ಅಮೋನಿಯಂ ನೈಟ್ರೇಟ್ ಸಲೀಸು. ಅದನ್ನು ತಯಾರಿಸುವ ಕಾರ್ಖಾನೆಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಆಮದಿನ ದೊಡ್ಡ ಬಾಗಿಲು ವಿಶಾಖಪಟ್ಟಣ. ಬಾಗಿಲಲ್ಲಿ ಎಣಿಸಿದರೆ ಮುಂದಿನ ಲೆಕ್ಕ ಸುಲಭ, ಎಣಿಸುವ ಮನಸ್ಸಿದ್ದರೆ.

ಕಾನೂನು ಬರೆಯುವಾಗ ಕಣ್ಣೆದುರು ನಿಲ್ಲುವವನು ಕಳ್ಳ, ಉಗ್ರ. ಒಂದೇ ಏಟಿಗೆ ನೂರಾರು ಜನರನ್ನು ಕೊಂದ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಮಾತ್ರ ಅಲ್ಲಿ ಕಾಣುವುದು ಹೆಚ್ಚಾಗಿ ಗೋದಾಮಿನ ಮಾಲೀಕ, ಹಡಗಿನ ಕಪ್ತಾನ, ಕಡತಕ್ಕೆ ಸಹಿ ಹಾಕದ ಅಧಿಕಾರಿ. ಅವರ ತಪ್ಪಿಗೆ ಮೊದಲು ಸಾಯುವವರು ಯಾರು ಎಂದು ನೋಡಿದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ.

ಟೆಕ್ಸಾಸ್ ಸಿಟಿ, 1947ರ ಏಪ್ರಿಲ್ 16. ಯುದ್ಧದಿಂದ ಜರ್ಜರಿತವಾದ ಯುರೋಪಿಗೆ ಹೊರಟಿದ್ದ ಗ್ರಾಂಕಾಂಪ್ ಎಂಬ ಹಡಗಿನಲ್ಲಿ ಸುಮಾರು 2,300 ಟನ್ ಅಮೋನಿಯಂ ನೈಟ್ರೇಟ್ ಗೊಬ್ಬರ ತುಂಬಿತ್ತು. ಬೆಳಿಗ್ಗೆ ಹೊಗೆ ಕಾಣಿಸಿತು. ನೀರು ಹೊಡೆದರೆ ಸರಕು ಹಾಳಾಗುತ್ತದೆಂದು ಬಾಗಿಲು ಮುಚ್ಚಿ ಒಳಗೆ ಹಬೆ ಹಾಯಿಸುವಂತೆ ಕಪ್ತಾನ ಹೇಳಿದ. ಒಳಗಿನ ಕಾವು ಏರುತ್ತ ಹೋಯಿತು. ಕಿತ್ತಳೆ ಬಣ್ಣದ ವಿಚಿತ್ರ ಹೊಗೆ ನೋಡಲು ಜನ ದಡಕ್ಕೆ ಬಂದು ನೆರೆದರು. ಸತ್ತವರು 581 ಮಂದಿ. ಊರಿನ ಸ್ವಯಂಸೇವಾ ಅಗ್ನಿಶಾಮಕ ದಳ ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು. ಅವರ ಪಾಲಿಗೆ ಹಡಗಿನಲ್ಲಿದ್ದದ್ದು ಬರೀ ಗೊಬ್ಬರ. ಸಂತ್ರಸ್ತರು ಹೂಡಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು; 1953ರಲ್ಲಿ ಕೋರ್ಟು ಸರ್ಕಾರವನ್ನು ಹೊಣೆ ಮಾಡಲಾಗದು ಎಂದಿತು. ಪರಿಹಾರಕ್ಕೆ ಸಂಸತ್ತೇ 1955ರಲ್ಲಿ ಬೇರೆ ಕಾನೂನು ಮಾಡಬೇಕಾಯಿತು.

ಅದೇ ರಾಜ್ಯದ ವೆಸ್ಟ್ ಎಂಬ ಪುಟ್ಟ ಊರು, 2013ರ ಏಪ್ರಿಲ್ 17. ಗೊಬ್ಬರ ಮಾರಾಟದ ಮಳಿಗೆಗೆ ಬೆಂಕಿ ಬಿತ್ತು. ನಂದಿಸಲು ಓಡಿಬಂದವರು ಇಪ್ಪತ್ತು ನಿಮಿಷದೊಳಗೆ ಸ್ಫೋಟಕ್ಕೆ ಸಿಕ್ಕಿದರು. ಸತ್ತ 15 ಜನರಲ್ಲಿ 12 ಮಂದಿ ನೆರವಿಗೆಂದು ಹೋದವರು. ಆಗ ಅಮೆರಿಕದಲ್ಲಿ ಉಗ್ರರ ಕಣ್ಣು ಬೀಳಬಹುದಾದ ರಾಸಾಯನಿಕ ತಾಣಗಳನ್ನು ನೋಂದಾಯಿಸುವ ಕೇಂದ್ರ ವ್ಯವಸ್ಥೆ ಜಾರಿಯಲ್ಲಿತ್ತು. ಈ ಮಳಿಗೆಯಲ್ಲಿದ್ದಷ್ಟು ದಾಸ್ತಾನನ್ನು ಅಲ್ಲಿ ತಿಳಿಸಲೇಬೇಕಿತ್ತು. ಮಳಿಗೆ ತಿಳಿಸಿರಲಿಲ್ಲ, ಇಲಾಖೆಗೆ ಅದು ಇರುವುದೇ ಗೊತ್ತಿರಲಿಲ್ಲ.

ಮರುವರ್ಷ ನಡೆದದ್ದು ಇನ್ನೂ ವಿಚಿತ್ರ. ಯಾವ ಊರಿನಲ್ಲಿ ಯಾರ ಬಳಿ ಏನು ದಾಸ್ತಾನಿದೆ ಎಂದು ಜನ ಕೇಳಿದರೆ, ಪಟ್ಟಿ ಉಗ್ರರ ಕೈಗೆ ಸಿಗುವ ಅಪಾಯವಿದೆ, ಸರ್ಕಾರಿ ಇಲಾಖೆಗಳು ಅದನ್ನು ಕೊಡಬೇಕಿಲ್ಲ ಎಂದು ಟೆಕ್ಸಾಸಿನ ಅಂದಿನ ಅಟಾರ್ನಿ ಜನರಲ್ ಗ್ರೆಗ್ ಅಬಟ್ ಅಭಿಪ್ರಾಯ ಕೊಟ್ಟರು. ಬೇಕಿದ್ದವರು ಊರು ಸುತ್ತಿ ಕಂಪನಿಗಳನ್ನೇ ಕೇಳಿಕೊಳ್ಳಬಹುದು ಎಂಬ ಅರ್ಥದ ಮಾತನ್ನೂ ಆಡಿದರು. ನೆರೆಹೊರೆಯವರಿಗೆ ತಿಳಿಯುವ ಹಕ್ಕು ಕೊಡುವ ಅಮೆರಿಕದ ಕಾನೂನು 1986ರದು, ಅದು ಹುಟ್ಟಿದ್ದು ನಮ್ಮ ಭೋಪಾಲದ ದುರಂತದಿಂದ ಕಲಿತು. ಭೋಪಾಲದ ಸಾವಿನಿಂದ ಬಂದ ಹಕ್ಕನ್ನು ಒಕ್ಲಹೋಮದ ಭಯ ಮತ್ತು ನ್ಯೂಯಾರ್ಕಿನ ಭಯ ಸೇರಿ ಅರ್ಧಕ್ಕೆ ಕತ್ತರಿಸಿದವು.

ಭದ್ರತೆ ಮತ್ತು ಪ್ರಯೋಜನದ ನಡುವಿನ ಜಗ್ಗಾಟದ ನಿಜವಾದ ಗಂಟು ಇಲ್ಲೇ ಇದೆ. ಲಾರಿ ಯಾವ ದಿನ ಯಾವ ದಾರಿಯಲ್ಲಿ ಹೊರಡುತ್ತದೆ, ಗೋದಾಮಿನ ಕಾವಲು ಎಷ್ಟು ಹೊತ್ತಿಗೆ ಬದಲಾಗುತ್ತದೆ ಎಂಬುದು ಗುಟ್ಟಾಗಿರಲಿ. ಗೋದಾಮು ಅಲ್ಲಿದೆ ಎಂಬ ಸಂಗತಿಯೇ ಪಕ್ಕದ ಅಗ್ನಿಶಾಮಕ ಠಾಣೆಗೆ, ಪಂಚಾಯಿತಿಗೆ, ಶಾಲೆಗೆ ಗುಟ್ಟಾಗಿದ್ದರೆ ಆ ಗುಟ್ಟು ಕಾಯುವುದು ಗೋದಾಮಿನವನ ಅನುಕೂಲವನ್ನು ಮಾತ್ರ. ಕದಿಯಬೇಕೆಂದಿರುವವನಿಗೆ ದಾಸ್ತಾನಿನ ಸುಳಿವು ಒಳಗಿನ ಕೂಲಿಯಿಂದಲೋ ಕಾವಲುಗಾರನಿಂದಲೋ ಹೇಗೂ ಸಿಗುತ್ತದೆ.

ಈ ಎಲ್ಲ ತಪ್ಪುಗಳೂ ಒಟ್ಟಿಗೆ ನೆರೆದದ್ದು ಬೈರೂತಿನಲ್ಲಿ. ಜಾರ್ಜಿಯಾದ ಬಟೂಮಿಯಿಂದ ಮೊಜಾಂಬಿಕ್‌ನ ಸ್ಫೋಟಕ ಕಂಪನಿಯೊಂದಕ್ಕೆ 2,750 ಟನ್ ಅಮೋನಿಯಂ ನೈಟ್ರೇಟ್ ಹೊತ್ತು ಹೊರಟ ರೋಸಸ್ ಎಂಬ ಹಳೇ ಹಡಗು, ಇನ್ನಷ್ಟು ಸರಕು ಹೇರಲು 2013ರ ನವೆಂಬರಿನಲ್ಲಿ ಬೈರೂತಿಗೆ ಬಂತು. ಹಡಗು ಯಾನಕ್ಕೆ ಯೋಗ್ಯವಲ್ಲವೆಂದು ಬಂದರಿನವರು ತಡೆದರು. ಮಾಲೀಕ ಕೈಬಿಟ್ಟ. ಸರಕನ್ನು 2014ರಲ್ಲಿ ಬಂದರಿನ 12ನೇ ಗೋದಾಮಿಗೆ ಇಳಿಸಿದರು. ಇದನ್ನು ಮರಳಿ ಹೊರದೇಶಕ್ಕೆ ಕಳಿಸಿ, ಇಲ್ಲವೇ ಸೇನೆಗೆ ಕೊಡಿ, ಇಲ್ಲವೇ ಸ್ಥಳೀಯ ಸ್ಫೋಟಕ ಕಂಪನಿಗೆ ಮಾರಿ ಎಂದು ಸುಂಕದ ಅಧಿಕಾರಿಗಳು ನ್ಯಾಯಾಧೀಶರಿಗೆ ಮತ್ತೆ ಮತ್ತೆ ಪತ್ರ ಬರೆದರು. ಪತ್ರಗಳು ಓಡಾಡಿದವು, ಚೀಲಗಳು ಅಲ್ಲೇ ಉಳಿದವು. ಅದೇ ಗೋದಾಮಿಗೆ ಪಟಾಕಿಯೂ ಬಂದು ಸೇರಿತು.

2020ರ ಆಗಸ್ಟ್ 4ರ ಸಂಜೆ ಬೆಂಕಿಯೆಂದು ಕರೆ ಬಂದಾಗ ಹೊರಟ ಅಗ್ನಿಶಾಮಕ ತಂಡದ ಹತ್ತು ಮಂದಿಗೂ ಒಳಗೇನಿದೆ ಎಂದು ಯಾರೂ ಹೇಳಿರಲಿಲ್ಲ. ಹತ್ತೂ ಜನ ಸತ್ತರು. ನಗರದಲ್ಲಿ ಒಟ್ಟು 218ಕ್ಕೂ ಹೆಚ್ಚು ಸಾವು, ಸುಮಾರು ಮೂರು ಲಕ್ಷ ಜನರಿಗೆ ಮನೆಯಿಲ್ಲದಾಯಿತು. ಪಕ್ಕದಲ್ಲಿದ್ದ ಗೋಧಿಯ ಕಾಂಕ್ರೀಟ್ ಕಣಜ ಎದೆಯೊಡ್ಡಿ ನಿಂತದ್ದರಿಂದ ಅದರ ಹಿಂದಿನ ಬಡಾವಣೆಗಳು ಅಷ್ಟಾದರೂ ಉಳಿದವು.

ಬೈರೂತಿನ ಕತೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಕಿ ಇದೆ. ಸ್ಫೋಟದ ಬಲವನ್ನು ಅಳೆದ ಅಮೆರಿಕದ ಎಫ್‌ಬಿಐ, ಅಂದು ಸಿಡಿದದ್ದು ಸುಮಾರು 552 ಟನ್ ಮಾತ್ರ ಎಂದು ಅಂದಾಜಿಸಿತು. ಉಳಿದ 2,000 ಟನ್ನಿಗೂ ಹೆಚ್ಚು ಎಲ್ಲಿ? ಒಂದಷ್ಟು ಸಿಡಿಯದೆ ಸಮುದ್ರಕ್ಕೆ ಹಾರಿರಬಹುದು. ಆರು ವರ್ಷಗಳಲ್ಲಿ ಒಂದಷ್ಟು ಕಳವಾಗಿ ಹೊರಗೆ ಹೋಗಿರಬಹುದು ಎಂಬ ಅನುಮಾನ ಇನ್ನೂ ತೀರಿಲ್ಲ. ಗೋದಾಮಿನ ಅಸಡ್ಡೆಯೂ ಉಗ್ರರ ಅಪಾಯವೂ ಎರಡು ಬೇರೆ ಇಲಾಖೆಗಳ ತಲೆನೋವು ಎಂದು ಭಾವಿಸಿರುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಯಾರೂ ಎಣಿಸದ ರಾಶಿ ಸಿಡಿಯಲೂಬಹುದು, ಕರಗಲೂಬಹುದು.

ಬೈರೂತಿನ ಹೊಗೆ ಆರುವ ಮೊದಲೇ ಚೆನ್ನೈನಲ್ಲಿ ಗಾಬರಿ ಹುಟ್ಟಿತು. ನಗರದ ಹೊರಗೆ ಮಣಲಿಯ ಕಂಟೇನರ್ ಗೋದಾಮಿನಲ್ಲಿ, ಸುಂಕ ಇಲಾಖೆ 2015ರಲ್ಲಿ ವಶಪಡಿಸಿಕೊಂಡ ಸುಮಾರು 700 ಟನ್ ಅಮೋನಿಯಂ ನೈಟ್ರೇಟ್ 37 ಕಂಟೇನರುಗಳಲ್ಲಿ ಕೂತಿತ್ತು. ವ್ಯಾಜ್ಯ ನಡೆಯುತ್ತಿದ್ದರಿಂದ ಐದು ವರ್ಷ ಅದು ಕದಲಿರಲಿಲ್ಲ. ಬೈರೂತ್ ಸಿಡಿದ ಕೆಲವೇ ದಿನಗಳಲ್ಲಿ ಹರಾಜು ಮುಗಿದು ಲಾರಿಗಳು ಹೈದರಾಬಾದಿನ ದಾರಿ ಹಿಡಿದವು. ಐದು ವರ್ಷ ಆಗದ ಕೆಲಸ ಕೆಲವೇ ದಿನಗಳಲ್ಲಿ ಆಯಿತೆಂದರೆ, ಅಡ್ಡವಾಗಿದ್ದದ್ದು ರಸಾಯನಶಾಸ್ತ್ರವಂತೂ ಅಲ್ಲ. 2021ರಲ್ಲಿ ನಿಯಮಗಳಿಗೆ ತಿದ್ದುಪಡಿ ಬಂತು: ಆಮದಾದ ಸರಕು ಚೀಲಗಳಲ್ಲೇ ಬರಬೇಕು, ಬಂದರಿನ ಸರಹದ್ದಿನಿಂದ 500 ಮೀಟರ್ ಆಚೆಯ ದಾಸ್ತಾನು ಮನೆಗೆ ಹೋಗಬೇಕು, ಜಪ್ತಿಯಾದದ್ದನ್ನು ಬೇಗ ಹರಾಜು ಹಾಕಲು ಅವಕಾಶವಿರಬೇಕು.

ಕರ್ನಾಟಕ ಇಂಥ ಸುದ್ದಿಗೆ ಬೈರೂತಿನವರೆಗೆ ಹೋಗಬೇಕಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸ್ಫೋಟಕದ ಲಾರಿ ಸಿಡಿದಾಗ, ಪಕ್ಕದ ಜಿಲ್ಲೆಗಳವರೂ ಭೂಕಂಪವೆಂದು ಮನೆಯಿಂದ ಹೊರಗೆ ಓಡಿಬಂದರು. ತಿಂಗಳು ಕಳೆದು ಫೆಬ್ರುವರಿ 23ರ ಬೆಳಗಿನ ಜಾವ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜೆಲಾಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು. ಕ್ವಾರಿಯ ಮೇಲೆ ಪೊಲೀಸರು ದಾಳಿ ಮಾಡಿದ್ದರು. ಅಕ್ರಮವಾಗಿ ಇಟ್ಟಿದ್ದ ಮಾಲನ್ನು ಗುಟ್ಟಾಗಿ ವಿಲೇವಾರಿ ಮಾಡಲು ಹೋದಾಗ ನಡೆದ ದುರಂತವದು. ನೈಟ್ರೋಗ್ಲಿಸರಿನ್ ಆಧಾರಿತ ಹಳೇ ಸ್ಫೋಟಕಗಳು 2004ರಲ್ಲಿ ನಿಂತ ಮೇಲೆ, ಕ್ವಾರಿಯವರು ಜೆಲಾಟಿನ್ ಎನ್ನುವ ಕಡ್ಡಿಗಳ ಹೂರಣ ಬಹುಮಟ್ಟಿಗೆ ಅಮೋನಿಯಂ ನೈಟ್ರೇಟೇ.

ಬಿಗಿ ನಿಯಮದ ಹೊರೆ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಹಿರೇನಾಗವಲ್ಲಿಯಂಥ ಕಡೆ ತಪ್ಪಿಸಲಾಗದು. ದೊಡ್ಡ ಗಣಿ ಕಂಪನಿಗೆ ಲೈಸೆನ್ಸು, ಮದ್ದಿನ ಮನೆ, ಪ್ರಮಾಣಪತ್ರ ಪಡೆದ ಬ್ಲಾಸ್ಟರ್ ಎಲ್ಲವೂ ಕೈಗೆಟಕುವ ಖರ್ಚು. ಎರಡು ಎಕರೆ ಬಂಡೆ ಗುತ್ತಿಗೆ ಹಿಡಿದ ಸಣ್ಣವನು ವಾರಕ್ಕೊಮ್ಮೆ ಸಿಡಿಸುವುದಕ್ಕೆ ಅಷ್ಟೆಲ್ಲ ಮಾಡಲಾರ. ಅವನು ಯಾರದೋ ಲೈಸೆನ್ಸಿನ ಮೇಲೆ, ಯಾರದೋ ಜೀಪಿನಲ್ಲಿ ಮಾಲು ತರಿಸಿ ಶೆಡ್ಡಿನಲ್ಲೋ ಪೊದೆಯಲ್ಲೋ ಇಡುತ್ತಾನೆ. ಅವನನ್ನು ಹಿಡಿದು ಒಳಗೆ ಹಾಕುವುದು ಸುಲಭ. ಹತ್ತಾರು ಕ್ವಾರಿಗಳಿಗೆ ಸೇರಿ ಒಂದು ಅಧಿಕೃತ ದಾಸ್ತಾನು, ಸಿಡಿಸುವ ದಿನ ಅಲ್ಲಿಂದಲೇ ಮಾಲು ಮತ್ತು ಬ್ಲಾಸ್ಟರ್ ಬರುವ ಏರ್ಪಾಡು, ಉಳಿದದ್ದು ಅದೇ ಸಂಜೆ ವಾಪಸ್ ಎಂಬ ಕಟ್ಟುನಿಟ್ಟು: ಇವು ಹಿಡಿದು ಹಾಕುವುದಕ್ಕಿಂತ ಕಷ್ಟದವು, ಆದರೆ ಪೊದೆಯಲ್ಲಿ ಬಚ್ಚಿಡುವ ಕಾರಣವನ್ನೇ ಇಲ್ಲವಾಗಿಸುತ್ತವೆ.

ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದಿನ ಕುರಿತ 1989ರ ಭಾರತದ ನಿಯಮಗಳಲ್ಲಿ, ಅಪಘಾತವಾದರೆ ತೊಂದರೆಗೊಳಗಾಗಬಹುದಾದ ನೆರೆಯವರಿಗೆ ಮುಂಚೆಯೇ ಮಾಹಿತಿ ಕೊಡಬೇಕೆಂದು ಬರೆದಿದೆ. ಜಿಲ್ಲಾ ಮಟ್ಟದ ಆಪತ್ಕಾಲ ಯೋಜನೆಯ ಮಾತೂ ಇದೆ. ಕಾರ್ಖಾನೆಯ ಗೇಟಿನ ಪಕ್ಕದ ಬೋರ್ಡಿನಲ್ಲಿ ಬಣ್ಣ ಮಾಸಿದ ಅಕ್ಷರಗಳಾಗಿ ಆ ಕರ್ತವ್ಯ ಮುಗಿದುಹೋಗುವುದೇ ಹೆಚ್ಚು.

ಈಚಿನ ಉದಾಹರಣೆ ಇನ್ನೂ ಹಸಿಯಾಗಿದೆ. 2025ರ ನವೆಂಬರಿನಲ್ಲಿ ದಿಲ್ಲಿಯ ಕೆಂಪುಕೋಟೆಯ ಬಳಿ ಕಾರು ಸಿಡಿದ ಹೊತ್ತಿಗೆ, ಪೊಲೀಸರು ಫರೀದಾಬಾದಿನಲ್ಲಿ ಅಮೋನಿಯಂ ನೈಟ್ರೇಟ್ ಸೇರಿದಂತೆ ಭಾರಿ ದಾಸ್ತಾನು ಹಿಡಿದಿದ್ದರು. ಬೇಹಿನ ಗೆಲುವೇ ಅದು. ಪ್ರಕರಣ ದಾಖಲಾಗಿದ್ದು ಶ್ರೀನಗರದ ನೌಗಾಮ್ ಠಾಣೆಯಲ್ಲಿ, ಹಾಗಾಗಿ ಜಪ್ತಿ ಮಾಡಿದ ಮಾಲನ್ನು ಅಲ್ಲಿಗೇ ಸಾಗಿಸಿದರು. ನವೆಂಬರ್ 14ರ ರಾತ್ರಿ ಠಾಣೆಯಲ್ಲಿ ಮಾದರಿ ತೆಗೆಯುತ್ತಿದ್ದಾಗ ಅದು ಆಕಸ್ಮಿಕವಾಗಿ ಸಿಡಿದು ಒಂಬತ್ತು ಮಂದಿ ಸತ್ತರು. ಪೊಲೀಸರು, ನ್ಯಾಯವಿಜ್ಞಾನ ಪ್ರಯೋಗಾಲಯದವರು, ಕಂದಾಯ ಇಲಾಖೆಯವರು, ಜೊತೆಗೆ ಕೆಲಸಕ್ಕೆಂದು ಕರೆಸಿಕೊಂಡಿದ್ದ ಒಬ್ಬ ದರ್ಜಿ. ಉಗ್ರರ ಕೈಯಿಂದ ಕಿತ್ತುಕೊಂಡ ಸರಕು ಪುರಾವೆಯಾಗಿ ಮಾರ್ಪಟ್ಟ ಮೇಲೆ ಜನ ಸತ್ತರು.

ಇದಕ್ಕೆ ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಗಾಂಜಾ, ಅಫೀಮು ಟನ್‌ಗಟ್ಟಲೆ ಮಾಲ್‌ಖಾನೆಯಲ್ಲಿ ಕೊಳೆತು, ಕಳವಾಗಿ ಹೋಗುತ್ತಿದ್ದುದನ್ನು ಕಂಡು ಮಾದಕ ವಸ್ತುಗಳ ಕಾಯ್ದೆಗೆ 52ಎ ಕಲಂ ಸೇರಿಸಲಾಯಿತು. ಮ್ಯಾಜಿಸ್ಟ್ರೇಟರು ದೃಢೀಕರಿಸಿದ ಪಟ್ಟಿ, ಫೋಟೊ ಮತ್ತು ಮಾದರಿಗಳೇ ವಿಚಾರಣೆಗೆ ಪ್ರಾಥಮಿಕ ಪುರಾವೆ. ಉಳಿದ ರಾಶಿಯನ್ನು ತೀರ್ಪಿಗೆ ಕಾಯದೆ ನಾಶಮಾಡಬಹುದು. ಅಮೋನಿಯಂ ನೈಟ್ರೇಟಿಗೂ ಇದೇ ಪದ್ಧತಿ ಕಡ್ಡಾಯವಾಗಬೇಕು: ಜಪ್ತಿಯಾದ ಜಾಗದಲ್ಲೇ ತಜ್ಞರ ಕೈಯಿಂದ ಕೆಲವು ಗ್ರಾಂ ಮಾದರಿ, ಉಳಿದದ್ದು ಲೈಸೆನ್ಸ್ ಇರುವ ಸಮೀಪದ ದಾಸ್ತಾನಿಗೆ, ವಾರದೊಳಗೆ ವಿಲೇವಾರಿ. ಊರ ನಡುವಿನ ಪೊಲೀಸ್ ಠಾಣೆಯನ್ನು ಕಟ್ಟುವಾಗ ಯಾರೂ ಅದನ್ನು ಮದ್ದಿನ ಮನೆಯೆಂದು ಕಟ್ಟಿರುವುದಿಲ್ಲ.